ತೋಟದ ಕೆರೆಯಲ್ಲಿ ಸ್ಟ್ರೀಮರ್ ಹಾಕಿ ಕೊರಮೀನು ಹಿಡಿಯುವ ಬಗೆ

ಮೂಡಿಗೆರೆ, ಬೇಲೂರು, ಸಕಲೇಶಪುರದ ಕಡೆ ಕಾಫಿ ತೋಟ ಇದ್ದಲ್ಲಿ ಒಂದು ಕೆರೆ ಇದ್ದೇ ಇರುತ್ತದೆ. ಎರಡು ಗುಡ್ಡದ ನಡುವೆ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ನೀರು. ಅರ್ಧ ಎಕರೆ, ಒಂದು ಎಕರೆ, ಹೆಚ್ಚೆಂದರೆ ಮೂರು. ಹೂಮಳೆ ತಡವಾದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಯಿಸಬೇಕಲ್ಲ, ಅದಕ್ಕೆ ಮಾಡಿಕೊಂಡದ್ದು. ಆ ಕೆರೆಗಳಲ್ಲಿ ಒಂದೂವರೆ, ಎರಡು ಕೆಜಿ ತೂಗುವ ಕೊರಮೀನು ಇರುತ್ತವೆ ಅಂತ ತೋಟದವರಿಗೆಲ್ಲ ಗೊತ್ತು. ಎರೆಹುಳು ಸಿಕ್ಕಿಸಿಯೋ ಜೀವಂತ ಕಪ್ಪೆ ಸಿಕ್ಕಿಸಿಯೋ ಹಿಡಿಯುತ್ತಾರೆ. ಅದೇ ಮೀನನ್ನು ಫ್ಲೈ ರಾಡ್ ಬೀಸಿ, ಕೈಯಾರೆ ಕಟ್ಟಿದ ಸ್ಟ್ರೀಮರ್ ತೋರಿಸಿ ಹಿಡಿಯಬಹುದು. ಫ್ಲೈ ಅಂದರೆ ಕೂದಲು, ಗರಿ ಕಟ್ಟಿ ಮಾಡಿದ ಹಗುರ ನಕಲಿ ಎರೆ, ಅದನ್ನು ಬೀಸಿ ಹಾಕುವ ಕೋಲು ಫ್ಲೈ ರಾಡ್, ಸ್ಟ್ರೀಮರ್ ಒಂದು ಬಗೆಯ ಫ್ಲೈ. ಹೇಗೆ ಅಂತ ಹೇಳುತ್ತೇನೆ.

ನಾನು ಮೂಡಿಗೆರೆ ತಾಲೂಕಿನ ಒಂದು ತೋಟದಲ್ಲಿ ರೈಟರ್ ಕೆಲಸ ಮಾಡುತ್ತೇನೆ. ಬೆಳಗ್ಗೆ ಆಳುಗಳನ್ನು ಸಾಲಿಗೆ ಬಿಡುವ ಮೊದಲು ಒಂದು ಗಂಟೆ, ಸಂಜೆ ಲೆಕ್ಕ ಬರೆಯುವ ಮೊದಲು ಒಂದು ಗಂಟೆ ಕೆರೆ ಹತ್ತಿರ ಇರುತ್ತೇನೆ. ಈ ವಿದ್ಯೆ ಕಲಿಸಿದ್ದು ತೋಟದ ಹಳೆಯ ಯಜಮಾನರು. ಅವರು ಪ್ರಾಯದಲ್ಲಿ ನೀಲಗಿರಿಯ ಅವಲಾಂಚೆ ಕಡೆ ರೇನ್‌ಬೋ ಟ್ರೌಟ್ ಹಿಡಿದವರು, ಕಾಶ್ಮೀರದ ಬೆಟ್ಟದ ಸರೋವರಗಳಲ್ಲಿ ಬ್ರೌನ್ ಟ್ರೌಟ್ ಬೆನ್ನು ಹತ್ತಿದವರು. ಬ್ರೌನ್ ಟ್ರೌಟ್ ನಮ್ಮ ದೇಶದ ಮೀನಲ್ಲ. 1900ರ ಸುಮಾರಿಗೆ ಇಂಗ್ಲಿಷರು ಸ್ಕಾಟ್ಲೆಂಡಿನಿಂದ ಮೊಟ್ಟೆ ತರಿಸಿ ಕಾಶ್ಮೀರದ ತಣ್ಣೀರಲ್ಲಿ ಬಿಟ್ಟರು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತದೆ. ನಮ್ಮ ಕೆರೆಗಳಲ್ಲಿ ಅದು ಬದುಕುವುದಿಲ್ಲ. ಆದರೆ ಸಣ್ಣ ಸರೋವರದ ದೊಡ್ಡ ಬ್ರೌನ್ ಟ್ರೌಟನ್ನು ಸ್ಟ್ರೀಮರಿನಲ್ಲಿ ಹಿಡಿಯುವ ರೀತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ಕೊರಮೀನಿಗೆ ಸರಿಹೊಂದುತ್ತದೆ. ಉಳಿದದ್ದನ್ನು ತಿರುಗಿಸಿ ಹಾಕಬೇಕು, ಅಷ್ಟೆ.

ಹೊಂದುವುದು ಯಾಕೆ ಅಂದರೆ, ಎರಡೂ ಒಂದು ಗಾತ್ರಕ್ಕೆ ಬಂದ ಮೇಲೆ ಹುಳ ಹುಪ್ಪಟೆ ಬಿಟ್ಟು ಮೀನು ತಿನ್ನಲು ಶುರು ಮಾಡುತ್ತವೆ. ಎರಡೂ ಊರೆಲ್ಲ ಸುತ್ತದೆ ಒಂದು ಮರೆ ಹಿಡಿದು ಕಾಯುತ್ತವೆ. ಬೆಳಕು ಕಡಿಮೆ ಇದ್ದಾಗ ಅಂಚಿಗೆ ಬರುತ್ತವೆ. ಸ್ಟ್ರೀಮರ್ ಅಂದರೆ ಸಣ್ಣ ಮೀನಿನ ರೂಪದಲ್ಲಿ ಕೂದಲು, ಗರಿ, ಜರಿ ಸೇರಿಸಿ ಕೊಕ್ಕೆಗೆ ಕಟ್ಟಿದ ಫ್ಲೈ. ನೀರೊಳಗೆ ಎಳೆದಾಗ ಅದು ಈಜುತ್ತದೆ. ಹಾಗಾಗಿ ಅಲ್ಲಿ ನಡೆಯುವುದು ಇಲ್ಲೂ ನಡೆಯುತ್ತದೆ.

ಹೊಂದದೇ ಇರುವುದು ಒಂದು ದೊಡ್ಡ ವಿಷಯ, ಮತ್ತು ನಮಗೆ ಅನುಕೂಲವಾಗಿರುವುದೂ ಅದೇ. ಟ್ರೌಟ್ ನೀರಲ್ಲಿ ಕರಗಿದ ಗಾಳಿಯಿಂದಲೇ ಬದುಕುತ್ತದೆ. ಕೊರಮೀನಿಗೆ ಅದು ಸಾಲದು. ಕಿವಿರಿನ ಮೇಲೆ, ತಲೆಯೊಳಗೆ, ಗಾಳಿ ಹಿಡಿದಿಟ್ಟುಕೊಳ್ಳುವ ಒಂದು ಗೂಡು ಇದೆ. ಅದಕ್ಕೆ ಗಾಳಿ ತುಂಬಿಕೊಳ್ಳಲು ಆಗಾಗ ಮೇಲೆ ಬರಲೇಬೇಕು. ಬರದಂತೆ ತಡೆದರೆ ಸತ್ತೇ ಹೋಗುತ್ತದೆ. ಅಂದರೆ ಎಂಥ ಹುಷಾರಿ ಮೀನೇ ಆಗಲಿ, ತಾನು ಎಲ್ಲಿದ್ದೇನೆ ಅಂತ ತೋರಿಸದೆ ಇರಲಾರದು. ನನ್ನ ಇಡೀ ಪಾಠ ಇದರ ಮೇಲೆ ನಿಂತಿದೆ: ಮೊದಲು ಉಸಿರು ನೋಡಿ, ಆಮೇಲೆ ರಾಡ್ ಎತ್ತಿ. ಹೊಸಬರು ಕೆರೆ ಮುಟ್ಟಿದ ಕೂಡಲೇ ಬೀಸಲು ಶುರು ಮಾಡುತ್ತಾರೆ. ಒಂದು ಎಕರೆ ಕೆರೆಯಲ್ಲಿ ಸುಮ್ನೆ ಬೀಸಿದ ಒಂದೊಂದು ಬೀಸೂ ಒಂದು ಮೀನಿಗೆ ಕೊಟ್ಟ ಎಚ್ಚರಿಕೆ.

ಉಸಿರು ನೋಡುವುದು

ಏರಿಯ ಮೇಲೆ ನಿಲ್ಲಬೇಡಿ. ಆಕಾಶದ ಎದುರು ನಿಮ್ಮ ಆಕಾರ ಕಾಣುತ್ತದೆ. ಏರಿಯ ಇಳಿಜಾರಿನಲ್ಲೋ, ಪಂಪ್‌ಹೌಸ್ ಗೋಡೆ ಪಕ್ಕದಲ್ಲೋ ಕೂತುಕೊಳ್ಳಿ. ಕಾಲು ಸಪ್ಪಳ ಆಗಬಾರದು, ಹಸಿ ಮಣ್ಣಿನಲ್ಲಿ ಹೆಜ್ಜೆಯ ಅದುರು ನೇರ ನೀರಿಗೆ ಹೋಗುತ್ತದೆ. ಕನಿಷ್ಠ ಇಪ್ಪತ್ತು ನಿಮಿಷ ಕೂತು ನೀರು ನೋಡಿ. ಪೋಲರೈಸ್ಡ್ ಕನ್ನಡಕ ಇದ್ದರೆ ತುಂಬ ಒಳ್ಳೆಯದು.

ನೀರ ಮೇಲೆ ಏನೇನೋ ಏಳುತ್ತವೆ. ಜಿಲೇಬಿ ಮೀನು (ತಿಲಾಪಿಯಾ) ಅಂಚಿನಲ್ಲಿ ಸಣ್ಣ ಸಣ್ಣ ಉಂಗುರ ಬಿಡುತ್ತದೆ, ಒಂದೇ ಕಡೆ ಹತ್ತಾರು. ಕಾಟ್ಲಾ, ಗೆಂಡೆ ತಳ ಕೆದಕಿದರೆ ಗುಳ್ಳೆಗಳ ಸಾಲು ಬರುತ್ತದೆ, ಮೀನು ಕಾಣುವುದಿಲ್ಲ. ನೀರುಹಾವು ತಲೆ ಎತ್ತಿದರೆ ಎತ್ತಿದ ಹಾಗೇ ಇರುತ್ತದೆ. ಕೊರಮೀನು ಬೇರೆ. ಅವಸರ ಇಲ್ಲದೆ ಮೂತಿ ಮೇಲಕ್ಕೆ ತರುತ್ತದೆ, ಗುಳಕ್ ಅಂತ ಒಂದು ಶಬ್ದ, ಒಂದು ದಪ್ಪ ಉಂಗುರ, ಅದು ಇಳಿದ ಮೇಲೆ ಒಂದೆರಡು ಗುಳ್ಳೆ. ನೀರು ನಿಶ್ಚಲವಾಗಿದ್ದರೆ ಚಪ್ಪಟೆ ತಲೆ ಕಾಣುತ್ತದೆ, ಕೆಲವು ಸಲ ಬೆನ್ನೂ ಕಾಣುತ್ತದೆ. ಶಬ್ದದ ದಪ್ಪದ ಮೇಲೆ ಮೀನಿನ ಗಾತ್ರ ಹೇಳಬಹುದು. ಇದು ಕೂತು ಕೂತು ಬರುವ ವಿದ್ಯೆ.

ಒಂದು ಸಲ ಎದ್ದ ಜಾಗಕ್ಕೆ ಗುರುತು ಇಟ್ಟುಕೊಳ್ಳಿ. ಒಂದು ನೈದಿಲೆ ಎಲೆ, ಒಂದು ಮುರಿದ ಕೊಂಬೆ, ಏನಾದರೂ. ಎರಡನೇ ಸಲ ಏಳುವವರೆಗೆ ಕಾಯಿರಿ. ಮೊದಲಿನ ಜಾಗದ ಹತ್ತಿರವೇ ಎದ್ದರೆ ಅದು ಕಾದು ಕೂತ ಮೀನು, ಅದು ಹಿಡಿಯಲು ಸಿಗುವ ಮೀನು. ದೂರ ಎದ್ದರೆ ಅದು ಸಾಗುತ್ತಿದೆ, ಯಾವ ಕಡೆಗೆ ಅಂತ ಎರಡು ಗುರುತಿನಿಂದ ಗೊತ್ತಾಗುತ್ತದೆ. ಆ ದಾರಿಯ ಮುಂದೆ ಫ್ಲೈ ಇಡಬೇಕು.

ಜಾಗಗಳ ಬಗ್ಗೆ ಹೇಳುವುದಾದರೆ ತೊರೆ ಕೆರೆಗೆ ಸೇರುವ ಬಾಯಿ, ಕೋಡಿಯ ಹತ್ತಿರದ ಜೊಂಡು, ತೂಬಿನ ಕಲ್ಲಿನ ಪಕ್ಕ, ಬಿದ್ದು ಕೊಳೆಯುತ್ತಿರುವ ಸಿಲ್ವರ್ ಓಕ್ ಮರ, ಅಂತರಗಂಗೆ ಹಾಸಿನ ಅಂಚು. ಅಂತರಗಂಗೆ ಪೂರ್ತಿ ಮುಚ್ಚಿದ ಕೆರೆಯಲ್ಲಿ ಫ್ಲೈ ಕೆಲಸ ಮಾಡುವುದಿಲ್ಲ. ಆದರೆ ಹಾಸಿನ ನಡುವೆ ತಟ್ಟೆಯಗಲದ ನೀರು ಬಿಟ್ಟಿದ್ದರೆ ಅದು ಉಸಿರಿನ ಕಿಂಡಿ. ಅಲ್ಲಿ ಮೀನು ಇರುತ್ತದೆ.

ರಾಡ್, ಲೈನ್

9 ಅಡಿಯ 8 ವೇಯ್ಟ್ ರಾಡ್ ಸಾಕು. ವೇಯ್ಟ್ ಅಂದರೆ ರಾಡಿಗೆ ಹೊಂದುವ ಲೈನಿನ ತೂಕದ ಅಂಕಿ, ಅಂಕಿ ಹೆಚ್ಚಿದಷ್ಟು ರಾಡ್ ಗಟ್ಟಿ. ಟ್ರೌಟ್‌ಗೆ ಬಳಸುವ 5 ವೇಯ್ಟ್‌ನಲ್ಲಿ ಮೀನು ಕಚ್ಚಿಸಬಹುದು, ಜೊಂಡಿನಿಂದ ಎಳೆದು ತರಲಾಗುವುದಿಲ್ಲ. ಲೈನ್ ತೇಲುವಂಥದ್ದು, ವೇಯ್ಟ್ ಫಾರ್ವರ್ಡ್, ಅಂದರೆ ಮುಂದಿನ ತುದಿಯ ಕಡೆ ತೂಕ ಜಾಸ್ತಿ ಇರುವಂಥದ್ದು. ಸರೋವರದ ದೊಡ್ಡ ಟ್ರೌಟ್‌ಗೆ ಮುಳುಗುವ ಲೈನ್ ಬೇಕಾಗುತ್ತದೆ, ಅದು ಆಳಕ್ಕೆ ಇಳಿಯುವ ಮೀನು. ನಮ್ಮ ಕೆರೆಯಲ್ಲಿ ಒಂದು ಆಳು ಉದ್ದದ ನೀರು, ಮೀನು ಇರುವುದು ಮೊಣಕಾಲುದ್ದದಲ್ಲಿ. ಮುಳುಗುವ ಲೈನ್ ತಂದರೆ ಕಳೆ ಕೀಳುವ ಕೆಲಸವೇ ಆಗುತ್ತದೆ. ಲೈನ್ ಕೊಳ್ಳುವಾಗ ಬಿಸಿ ಹವೆಗೆ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ. ತಣ್ಣನೆ ದೇಶಕ್ಕೆ ಮಾಡಿದ ಲೈನ್ ನಮ್ಮ ಮಾರ್ಚ್ ಬಿಸಿಲಿಗೆ ಮೆತ್ತಗಾಗಿ ರಾಡಿನ ಉಂಗುರಕ್ಕೆ ಅಂಟುತ್ತದೆ.

ಲೈನಿಗೂ ಫ್ಲೈಗೂ ನಡುವೆ ಕಟ್ಟುವ ನೈಲಾನ್ ದಾರಕ್ಕೆ ಲೀಡರ್ ಅನ್ನುತ್ತಾರೆ, ಅದು ಉದ್ದ ಬೇಡ. 6 ಅಡಿ ಸಾಕು. ಲೈನಿನಿಂದ 3 ಅಡಿ 40 ಪೌಂಡ್ ತಡೆಯುವ ನೈಲಾನ್, ನಂತರ 2 ಅಡಿ 25 ಪೌಂಡ್, ಕೊನೆಯ 1 ಅಡಿ ಮತ್ತೆ 40 ಪೌಂಡ್. ಕೊನೆಯದು ಹಲ್ಲಿಗೆ. ಕೊರಮೀನಿಗೆ ಸೂಜಿ ಹಲ್ಲಿನ ಜೊತೆ ದವಡೆಯಲ್ಲಿ ನಾಯಿಹಲ್ಲೂ ಇದೆ, ತೆಳು ನೈಲಾನ್ ಉಜ್ಜಿ ಉಜ್ಜಿ ಹರಿಯುತ್ತದೆ. ಫ್ಲೈಯನ್ನು ಬಿಗಿ ಗಂಟಿನಲ್ಲಿ ಕಟ್ಟಬೇಡಿ. ಜಾರದ ಕುಣಿಕೆ ಹಾಕಿ. ಕುಣಿಕೆಯಲ್ಲಿದ್ದರೆ ಫ್ಲೈ ನಿಂತಾಗ ತಲೆ ಬಾಗಿಸುತ್ತದೆ, ಎಳೆದಾಗ ಎತ್ತುತ್ತದೆ.

ಬೀಸುವುದಕ್ಕೆ ದೂರ ಬೇಕಿಲ್ಲ. ಹತ್ತು ಹನ್ನೆರಡು ಮೀಟರ್. ಕಷ್ಟ ಇರುವುದು ಹಿಂದಕ್ಕೆ. ಬೆನ್ನ ಹಿಂದೆ ಕಾಫಿ ಗಿಡ, ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿದ ಮರ. ಹಾಗಾಗಿ ಎರಡು ಬೀಸು ಕಲಿಯಿರಿ. ಒಂದು ರೋಲ್ ಕಾಸ್ಟ್. ಲೈನನ್ನು ನೀರಿನ ಮೇಲೆಯೇ ನಿಧಾನ ಹಿಂದಕ್ಕೆ ಎಳೆದು, ಭುಜದ ಹಿಂದೆ ಕಮಾನು ಬೀಳುವವರೆಗೆ ನಿಲ್ಲಿಸಿ, ಮುಂದಕ್ಕೆ ಹೊಡೆದರೆ ಉರುಳಿಕೊಂಡು ಹೋಗುತ್ತದೆ. ಇನ್ನೊಂದು, ಏರಿಯ ಉದ್ದಕ್ಕೆ ಬೀಸುವುದು. ಏರಿಯ ಇಳಿಜಾರಲ್ಲಿ ನಿಂತು ದಡಕ್ಕೆ ಸಮಾನಾಂತರವಾಗಿ ಬೀಸಿದರೆ ಹಿಂದೆ ಮರ ಇಲ್ಲ, ಫ್ಲೈಯೂ ಪೂರ್ತಿ ಅಂಚಿನಲ್ಲೇ ಈಜುತ್ತದೆ. ಅಂಚೇ ಬೇಟೆಯ ಜಾಗ, ಅಲ್ವಾ.

ಸ್ಟ್ರೀಮರ್ ಕಟ್ಟುವುದು

ಅಂಗಡಿಯಲ್ಲಿ ಸಿಗುವ ಹೆಸರಾಂತ ಸ್ಟ್ರೀಮರ್‌ಗಳು ಅಮೆರಿಕದವು. ವೂಲಿ ಬಗ್ಗರ್ ಅಂತ ಒಂದಿದೆ, 1967ರಲ್ಲಿ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಕಟ್ಟಿದ್ದು. ಟ್ರೌಟ್ ಹಿಡಿಯುವವರ ಡಬ್ಬಿಯಲ್ಲಿ ಅದು ಇಲ್ಲದೆ ಇರುವುದಿಲ್ಲ. ಆದರೆ ನಮ್ಮ ಕೆರೆಗೆ ನಾನು ಮಾದರಿ ಮಾಡಿಕೊಂಡದ್ದು ಕ್ಲೌಸರ್ ಮಿನ್ನೋ. ಬಾಬ್ ಕ್ಲೌಸರ್ ಅನ್ನುವವರು 1980ರ ದಶಕದಲ್ಲಿ ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗೆ ಕಟ್ಟಿದ ಫ್ಲೈ ಅದು. ಅದರ ಜಾಣತನ ಕಣ್ಣಿನಲ್ಲಿದೆ. ತೂಕದ ಕಣ್ಣು ಕೊಕ್ಕೆಯ ಬೆನ್ನ ಮೇಲೆ ಕಟ್ಟುವುದರಿಂದ ನೀರಲ್ಲಿ ಫ್ಲೈ ಮಗುಚುತ್ತದೆ, ಕೊಕ್ಕೆಯ ಮೊನೆ ಮೇಲ್ಮುಖವಾಗುತ್ತದೆ. ಕಳೆಯ ಮೇಲೆ ಹಾದುಹೋದರೂ ಸಿಕ್ಕಿಕೊಳ್ಳುವುದು ಕಡಿಮೆ.

ಸಾಮಾನು ಇಲ್ಲೇ ಸಿಗುತ್ತದೆ. ಕೂದಲಿಗೆ ಮೇಕೆ ಬಾಲ. ಮಾರಿಹಬ್ಬದ ಸಮಯದಲ್ಲಿ ಮಾಂಸದ ಅಂಗಡಿಯವರನ್ನು ಕೇಳಿದರೆ ಬಿಳಿ, ಕಪ್ಪು, ಕಂದು ಮೂರೂ ಕೊಡುತ್ತಾರೆ. ಶಾಂಪೂ ಹಾಕಿ ಎರಡು ಸಲ ತೊಳೆದು, ನೆರಳಲ್ಲಿ ಒಣಗಿಸಿ, ನುಸಿಗುಳಿಗೆ ಹಾಕಿ ಡಬ್ಬಿಯಲ್ಲಿಡಿ. ವಿದೇಶದವರು ಇದಕ್ಕೆ ಜಿಂಕೆ ಬಾಲ ಬಳಸುತ್ತಾರೆ. ನಮ್ಮಲ್ಲಿ ಜಿಂಕೆ, ಕಡವೆಯ ಕೂದಲು ಇಟ್ಟುಕೊಳ್ಳುವುದೇ ಅಪರಾಧ, ಯಾರಾದರೂ ಕೊಟ್ಟರೂ ಮುಟ್ಟಬೇಡಿ. ಮೇಕೆ ಕೂದಲು ಅದಕ್ಕಿಂತ ಮೆತ್ತಗೆ, ನಿಧಾನ ಎಳೆದರೂ ಆಡುತ್ತದೆ. ನಮ್ಮ ಕೆಲಸಕ್ಕೆ ಅದೇ ಮೇಲು. ಮಿನುಗಿಗೆ ಟೈಲರ್ ಅಂಗಡಿಯ ಬೆಳ್ಳಿ ಜರಿ ದಾರ. ಕಣ್ಣಿಗೆ ಕೈತೊಳೆಯುವ ಬೇಸಿನ್ನಿನ ಮುಚ್ಚಳಕ್ಕೆ ಇರುತ್ತದಲ್ಲ, ಮಣಿಸರಪಣಿ, ಅದರಿಂದ ಕತ್ತರಿಸಿದ ಎರಡು ಮಣಿ. ಸೀಸದ ಕಣ್ಣು ಬೇಡ, ಅದು ಫ್ಲೈಯನ್ನು ಸೀದಾ ಕೆಸರಿಗೆ ಇಳಿಸುತ್ತದೆ.

ಈಗ ಕಟ್ಟುವುದು. 1/0 ಗಾತ್ರದ ಕೊಕ್ಕೆ. ಮೊನೆಯ ಹಿಂದಿನ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ, ಇದನ್ನು ಕಟ್ಟುವ ಮೊದಲೇ ಮಾಡಬೇಕು. ಕೊಕ್ಕೆಯನ್ನು ವೈಸ್‌ಗೆ (ಕೊಕ್ಕೆ ಹಿಡಿದಿಡುವ ಹಿಡಿಕೆಗೆ) ಕಚ್ಚಿಸಿ ದಾರ ಸುತ್ತಿ. ಕೊಕ್ಕೆಯ ಕಿವಿಯಿಂದ, ಅಂದರೆ ಲೀಡರ್ ಕಟ್ಟುವ ತೂತಿನಿಂದ, ಕಾಲು ಇಂಚು ಹಿಂದೆ ಮಣಿಗಳನ್ನು ಅಡ್ಡ ಇಟ್ಟು ಎಂಟರ ಆಕಾರದಲ್ಲಿ ಬಿಗಿಯಾಗಿ ಸುತ್ತಿ, ಒಂದು ಹನಿ ಅಂಟು ಹಾಕಿ. ಮಣಿ ಅಲುಗಿದರೆ ಫ್ಲೈ ವಾಲಿಕೊಂಡು ಈಜುತ್ತದೆ. ಮಣಿ ಇರುವ ಬದಿಗೆ ಬಿಳಿ ಕೂದಲು ಕಟ್ಟಿ. ನೆನಪಿಡಿ, ಇಲ್ಲಿ ಎಲ್ಲ ತಲೆಕೆಳಗು: ಮಣಿಯ ಬದಿ ನೀರಲ್ಲಿ ಹೊಟ್ಟೆಯಾಗುತ್ತದೆ. ಈಗ ಕೊಕ್ಕೆ ಮಗುಚಿ. ಮೊನೆಯ ಬದಿಗೆ ಮೊದಲು ಐದಾರು ಎಳೆ ಜರಿ, ಅದರ ಮೇಲೆ ಕಂದು ಇಲ್ಲವೇ ಕಪ್ಪು ಕೂದಲು. ಇದು ಬೆನ್ನು. ಈ ಕೂದಲೇ ಮೊನೆಯನ್ನು ಕಳೆಯಿಂದ ಕಾಯುತ್ತದೆ. ತುದಿಯಿಂದ ತುದಿಗೆ ಏಳೆಂಟು ಸೆಂಟಿಮೀಟರ್ ಬಂದರೆ ಒಂದು ಜಿಲೇಬಿ ಮರಿಯ ಉದ್ದ.

ಕೂದಲು ಎಷ್ಟು ಹಾಕಬೇಕು ಅನ್ನುವುದರಲ್ಲೇ ಎಲ್ಲ ಇದೆ. ಕೈಗೆ ಬಂದಷ್ಟು ತೆಗೆದುಕೊಂಡು ಅದರಲ್ಲಿ ಅರ್ಧ ಬಿಡಿ. ಬೇರಿನ ಕಡೆಯ ಸಣ್ಣ ಉಣ್ಣೆಯನ್ನು ಬಾಚಣಿಗೆಯಿಂದ ಪೂರ್ತಿ ತೆಗೆಯಿರಿ. ಒಣಗಿದಾಗ ಬಡಕಲು ಅನ್ನಿಸಬೇಕು. ಬಕೆಟ್ಟಿನಲ್ಲಿ ಅದ್ದಿ ಎಳೆದು ನೋಡಿ. ಎಳೆದಾಗ ಮೈ ಸಣ್ಣಗಾಗಿ, ನಿಲ್ಲಿಸಿದಾಗ ಕೂದಲು ಅರಳಬೇಕು. ಆ ಅರಳುವಿಕೆಗೆ ಮೀನು ಬಾಯಿ ಹಾಕುತ್ತದೆ. ದಟ್ಟ ಕಟ್ಟಿದ ಫ್ಲೈ ಅರಳುವುದಿಲ್ಲ, ಒಂದು ಗೊಂಚಲಾಗಿ ಹೋಗುತ್ತದೆ ಬರುತ್ತದೆ.

ಇದರ ಜೊತೆ ಇನ್ನೊಂದು ಬೇಕು, ಕಣ್ಣಿಲ್ಲದ್ದು, ಪೂರ್ತಿ ಕಪ್ಪು, ನೀರಿನ ಮೇಲ್ಪದರದಲ್ಲೇ ತೂಗುವಂಥದ್ದು. ಇದಕ್ಕೆ ನಾಟಿ ಹುಂಜದ ಕುತ್ತಿಗೆ ಗರಿ ಬಾಲವಾಗಿ ನಾಲ್ಕು, ಮುಂದೆ ಸುತ್ತಿದ್ದು ಎರಡು. ಇದರ ಮೊನೆ ಕೆಳಗಿರುವುದರಿಂದ ಕಳೆ ತಡೆ ಕಟ್ಟಬೇಕು. 0.5 ಮಿಲಿಮೀಟರ್ ಗಟ್ಟಿ ನೈಲಾನಿನ ತುಂಡನ್ನು ಎಲ್ಲಕ್ಕಿಂತ ಮೊದಲು ಕೊಕ್ಕೆಯ ಬಾಗಿಗೆ ಕಟ್ಟಿ ಹಿಂದಕ್ಕೆ ಬಿಡಿ. ಫ್ಲೈ ಮುಗಿದ ಮೇಲೆ ಅದನ್ನು ಮೊನೆಯ ಕೆಳಗಿನಿಂದ ಕಮಾನಾಗಿ ತಂದು ಕಿವಿಯ ಹಿಂದೆ ಕಟ್ಟಿ. ಕಮಾನು ಮೊನೆಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿದ್ದರೆ ಸಾಕು. ಬೆರಳಲ್ಲಿ ಒತ್ತಿದರೆ ಸಲೀಸಾಗಿ ಬಾಗಬೇಕು.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಳೆ ಬಿದ್ದು ಕೆಂಪಾದ ನೀರಿಗೆ, ಮೋಡದ ದಿನಕ್ಕೆ ಕಪ್ಪು. ನೀರು ತಿಳಿಯಾಗಿದ್ದರೆ ಕಂದು ಬೆನ್ನು, ಬಿಳಿ ಹೊಟ್ಟೆ.

ಎಳೆಯುವುದು, ನಿಲ್ಲಿಸುವುದು

ಮೀನು ಎದ್ದ ಉಂಗುರದ ನಡುವೆಗೆ ಫ್ಲೈ ಹಾಕಬೇಡಿ. ಗಾಳಿ ಕುಡಿದ ಮೀನು ಆ ಕ್ಷಣ ಹೆದರುವ ಮೀನು. ಅರ್ಧ ನಿಮಿಷ ಬಿಡಿ. ಒಂದೂವರೆ ಎರಡು ಮೀಟರ್ ಆಚೆ ಹಾಕಿ, ಅದರ ಮುಂದೆ ಹಾದುಹೋಗುವಂತೆ ತನ್ನಿ. ಜೊಂಡಿನ ಪಕ್ಕ ಆದರೆ ಫ್ಲೈಯನ್ನು ಜೊಂಡಿನ ಎಲೆಯ ಮೇಲೆ ಬೀಳಿಸಿ ಮೆಲ್ಲಗೆ ನೀರಿಗೆ ಜಾರಿಸಿದರೆ ಕಪ್ಪೆ ಇಳಿದ ಸದ್ದು ಬರುತ್ತದೆ, ಅದು ತುಂಬ ಚೆನ್ನಾಗಿ ನಡೆಯುತ್ತದೆ.

ರಾಡಿನ ತುದಿ ನೀರಿಗೆ ತಾಗಿರಲಿ, ನೇರ ಫ್ಲೈ ಕಡೆಗೆ ತೋರಿಸುತ್ತಿರಲಿ. ತುದಿ ಎತ್ತಿ ಹಿಡಿದರೆ ಲೈನ್ ಜೋತುಬೀಳುತ್ತದೆ, ನಿಮ್ಮ ಎಳೆತ ಫ್ಲೈಗೆ ಮುಟ್ಟುವುದೇ ಇಲ್ಲ. ಲೈನನ್ನು ಬಲಗೈ ತೋರುಬೆರಳಿನ ಕೆಳಗೆ ಹಾಯಿಸಿ ಎಡಗೈಯಲ್ಲಿ ಎಳೆಯಿರಿ. ಒಂದು ಎಳೆತ ಒಂದು ಗೇಣಿಗಿಂತ ಕಡಿಮೆ. ಎಳೆದು ನಿಲ್ಲಿಸಿ. ಮತ್ತೆ ಎಳೆದು ನಿಲ್ಲಿಸಿ. ದೊಡ್ಡ ಬ್ರೌನ್ ಟ್ರೌಟ್‌ಗೆ ವೇಗ ಹೆಚ್ಚಿಸಿ ಓಡಿಸಿದರೆ ಬೆನ್ನಟ್ಟಿ ಬರುತ್ತದೆ. ಕೊರಮೀನು ಹಾಗೆ ದೂರ ಬೆನ್ನಟ್ಟುವುದು ಕಡಿಮೆ. ಅದು ಹಿಂದೆ ಬಂದು, ನಿಂತು, ನೋಡುತ್ತದೆ. ಹಾಗಾಗಿ ಎಳೆತಕ್ಕಿಂತ ನಿಲುಗಡೆ ಮುಖ್ಯ. ಮನಸ್ಸಿನಲ್ಲಿ ಮೂರು ಎಣಿಸುವಷ್ಟು ನಿಲ್ಲಿಸಿ. ಜಾಗ ಚೆನ್ನಾಗಿದೆ ಅನ್ನಿಸಿದರೆ ಐದು.

ಮೀನು ಹಿಂದೆ ಬರುತ್ತಿದ್ದರೆ ನೀರು ಉಬ್ಬುತ್ತದೆ, ನೀರೊಳಗೆ ಯಾರೋ ಮುಷ್ಟಿ ದೂಡಿಕೊಂಡು ಬಂದ ಹಾಗೆ. ಆಗ ಕೈ ತಾನಾಗಿ ಜೋರಾಗಿ ಎಳೆಯಲು ಹೋಗುತ್ತದೆ. ಎಳೆಯಬೇಡಿ. ಒಂದೇ ಒಂದು ಸಣ್ಣ ಎಳೆತ, ಎರಡು ಬೆರಳಗಲ, ಮತ್ತೆ ನಿಲುಗಡೆ. ಆ ನಿಲುಗಡೆಯಲ್ಲಿ ಬರುತ್ತದೆ.

ಕಚ್ಚಿದಾಗ ರಾಡ್ ಎತ್ತಬೇಡಿ. ತೇಲುವ ಫ್ಲೈಗೆ ಟ್ರೌಟ್ ಬಂದಾಗ ರಾಡ್ ಎತ್ತುವುದು ರೂಢಿ, ಇಲ್ಲಿ ಅದು ಮಾಡಿದರೆ ಫ್ಲೈ ಬಾಯಿಂದ ಈಚೆ ಹಾರುತ್ತದೆ. ಕೊರಮೀನಿನ ಬಾಯಿ ಮೂಳೆ, ಮೊನೆ ನಾಟಲು ನೇರ ಎಳೆತ ಬೇಕು. ಮೇಲೆ ನೀರು ಸಿಡಿದದ್ದು ಕಂಡರೂ ಕೈಗೆ ತೂಕ ಬರುವವರೆಗೆ ಕಾದು, ಎಡಗೈಯಲ್ಲಿ ಲೈನನ್ನು ಒಂದು ಮೊಳ ಗಟ್ಟಿಯಾಗಿ ಎಳೆಯಿರಿ, ಆಮೇಲೆ ರಾಡನ್ನು ಪಕ್ಕಕ್ಕೆ ಬಾಗಿಸಿ. ತೂಕ ಬರಲೇ ಇಲ್ಲ ಅಂದರೆ ಮೀನು ಗುರಿ ತಪ್ಪಿದೆ. ಫ್ಲೈ ಅಲ್ಲೇ ಬಿಡಿ, ಅಲುಗಿಸಬೇಡಿ. ಬಹಳ ಸಲ ತಿರುಗಿ ಬರುತ್ತದೆ.

ಸಿಕ್ಕ ಮೇಲೆ ಮೊದಲ ಐದು ಸೆಕೆಂಡಿನಲ್ಲಿ ತೀರ್ಮಾನ. ಅದು ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಲೈನ್ ಬಿಡಲೇಬೇಡಿ. ತಲೆಯನ್ನು ಮೇಲಕ್ಕೆ ತಂದು ನೀರಿನ ಮೇಲೆ ಜಾರಿಸಿಕೊಂಡು ಬಯಲಿಗೆ ಎಳೆಯಿರಿ. ಇದಕ್ಕೇ ದಪ್ಪ ಲೀಡರ್ ಹೇಳಿದ್ದು. ಬಯಲು ನೀರಿಗೆ ಬಂದ ಮೇಲೆ ಅವಸರ ಇಲ್ಲ.

ಬಾಯಿಗೆ ಬೆರಳು ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಹಿಡಿದು, ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ತೆಗೆಯಿರಿ. ಮುಳ್ಳು ಒತ್ತಿದ್ದರೆ ಒಂದು ತಿರುವಿಗೆ ಬರುತ್ತದೆ. ಗಾಳಿ ಕುಡಿಯುವ ಮೀನು ಅಂತ ದಡದ ಮಣ್ಣಲ್ಲಿ ಹೊರಳಾಡಿಸಬೇಡಿ, ಮೈಯ ಲೋಳೆ ಹೋದರೆ ಹುಣ್ಣು ಬೀಳುತ್ತದೆ.

ಯಾವಾಗ, ಯಾವಾಗ ಬೇಡ

ಅತ್ಯಂತ ಒಳ್ಳೆಯ ಕಾಲ ಎರಡು. ಒಂದು, ಹಿಂಗಾರು ಮುಗಿದು ನೀರು ತಿಳಿಯಾಗುವ ನವೆಂಬರ್. ಕೆರೆ ತುಂಬಿರುತ್ತದೆ, ಅಂಚಿನ ಹುಲ್ಲು ಮುಳುಗಿರುತ್ತದೆ, ಮೀನು ಹುಲ್ಲಿನೊಳಗಿರುತ್ತದೆ. ಇನ್ನೊಂದು ಫೆಬ್ರವರಿ ಕೊನೆಯಿಂದ ಮಾರ್ಚ್. ಪಂಪ್ ಓಡುತ್ತದೆ, ನೀರು ದಿನಕ್ಕೆ ದಿನಕ್ಕೆ ಇಳಿಯುತ್ತದೆ. ಹಳೆಯ ಅಂಚು ಒಣಗಿ ಮೀನೆಲ್ಲ ತೊರೆಯ ಹಳೆಯ ಪಾತ್ರದ ಉದ್ದಕ್ಕೆ ಸೇರುತ್ತದೆ. ಆಗ ಕೆರೆಯ ತಳ ಹೇಗಿದೆ ಅಂತ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲಿ ಮರದ ಬುಡ ಇದೆ, ಎಲ್ಲಿ ಗುಂಡಿ ಇದೆ ಅನ್ನುವುದು ನವೆಂಬರಿನಲ್ಲಿ ಉಪಯೋಗಕ್ಕೆ ಬರುತ್ತದೆ. ಡಿಸೆಂಬರ್ ಜನವರಿಯಲ್ಲಿ ಮಂಜು ಹೊತ್ತಿನಲ್ಲಿ ಹೋಗಬೇಡಿ. ನೀರು ತಣ್ಣಗಿದ್ದು ಮೀನು ಮಂಕಾಗಿರುತ್ತದೆ. ಹನ್ನೊಂದರ ಬಿಸಿಲು ಬಿದ್ದ ಮೇಲೆ ಹೋಗಿ. ಟ್ರೌಟ್‌ಗೆ ತಣ್ಣೀರೇ ಪ್ರಾಣ, ಇಲ್ಲಿ ಪೂರ್ತಿ ಉಲ್ಟಾ.

ದೊಡ್ಡ ಬ್ರೌನ್ ಟ್ರೌಟ್ ಹಿಡಿಯುವವರು ಕತ್ತಲಾದ ಮೇಲೆ ಹೋಗುತ್ತಾರೆ. ಇಲ್ಲಿ ಅದು ಬೇಡವೇ ಬೇಡ. ಆನೆ ಕೆರೆಗೆ ಬರುವ ಹೊತ್ತು ಅದು. ಆರು ಗಂಟೆಗೆ ಮನೆ ದಾರಿ ಹಿಡಿಯಿರಿ. ಬೆಳಗ್ಗೆಯೂ ಮೊದಲು ಅಂಚಿನ ಕೆಸರಲ್ಲಿ ಹೊಸ ಹೆಜ್ಜೆ ಇದೆಯಾ ನೋಡಿ. ಹುಲ್ಲಿನೊಳಗೆ ಕೊಳಕುಮಂಡಲ ಇರುತ್ತದೆ, ಗಮ್‌ಬೂಟ್ ಇಲ್ಲದೆ ಇಳಿಯಬೇಡಿ.

ಎಲ್ಲಿ ಹಿಡಿಯಬಹುದು ಅನ್ನುವುದನ್ನು ಕೇಳಿ ತಿಳಿದುಕೊಳ್ಳಿ. ತೋಟದ ಕೆರೆಗೆ ತೋಟದವರ ಒಪ್ಪಿಗೆ ಬೇಕು. ಊರ ಕೆರೆಗಳ ಮೀನು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳದೆ ಗಾಳ ಹಾಕಿದರೆ ಅದು ಕಳ್ಳತನ. ನನ್ನ ಅನುಭವದಲ್ಲಿ ಕೇಳಿದರೆ ಬೇಡ ಅನ್ನುವವರು ಕಡಿಮೆ, ಅವರು ಬಿಟ್ಟಿರುವ ಕಾಟ್ಲಾ, ರೋಹು ಮರಿ ತಿನ್ನುವ ಮೀನನ್ನು ನೀವು ಹಿಡಿಯುತ್ತೀರಲ್ಲ. ಹಿರೇಕೊಳಲೆ ಕೆರೆ ಚಿಕ್ಕಮಗಳೂರಿಗೆ ಕುಡಿಯುವ ನೀರು ಕೊಡುತ್ತದೆ, ಅಲ್ಲಿಗೆ ಹೋಗಬೇಡಿ. ಭದ್ರಾ ಅಭಯಾರಣ್ಯದ ಒಳಗಿನ ನೀರು ಮುಟ್ಟುವಂತಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನು ದೇವರ ಮೀನು, ಅದನ್ನು ಹೇಳಬೇಕಾಗಿಯೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ರಾಡ್ ಒಳಗಿಡುತ್ತೇನೆ, ನೀವೂ ಇಡಿ ಅಂತ ಬೇಡಿಕೊಳ್ಳುತ್ತೇನೆ. ಮುಂಗಾರಿಗೆ ಕೊರಮೀನು ಜೋಡಿಯಾಗುತ್ತದೆ. ಕಳೆ ಸರಿಸಿ ದುಂಡಗೆ ಜಾಗ ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆ ತೇಲುತ್ತವೆ, ಒಂದೆರಡು ದಿನದಲ್ಲೇ ಒಡೆಯುತ್ತವೆ. ಮರಿಗಳು ಕೇಸರಿ ಬಣ್ಣದ ಒಂದು ಮುದ್ದೆಯಾಗಿ ಮೇಲೆ ಬಂದು ಇಳಿಯುತ್ತಿರುತ್ತವೆ, ನೀರು ಆ ಜಾಗದಲ್ಲಿ ಕುದಿಯುತ್ತಿರುವಂತೆ ಕಾಣುತ್ತದೆ. ಕೆಳಗೆ ತಂದೆ ತಾಯಿ ಕಾವಲಿರುತ್ತವೆ. ಆ ಮುದ್ದೆಯ ಪಕ್ಕ ಏನು ಬಿದ್ದರೂ ಅವು ಕಚ್ಚುತ್ತವೆ. ತಿನ್ನಲು ಅಲ್ಲ, ಓಡಿಸಲು. ಆಗ ಹಿಡಿಯುವುದು ತುಂಬ ಸುಲಭ, ಅದಕ್ಕೇ ಬಹಳ ಜನ ಆಗಲೇ ಹಿಡಿಯುತ್ತಾರೆ. ಕಾವಲು ಹೋದ ಮರಿಗಳನ್ನು ಜಿಲೇಬಿ, ನೀರುಕಾಗೆ ಮುಗಿಸಿಬಿಡುತ್ತವೆ. ಒಂದು ಎಕರೆ ಕೆರೆಯಲ್ಲಿ ದೊಡ್ಡ ಜೋಡಿ ಇರುವುದೇ ಬೆರಳೆಣಿಕೆಯಷ್ಟು. ಅವು ಹೋದರೆ ಆಮೇಲೆ ಕೆರೆ ತುಂಬ ಬೆರಳುದ್ದದ ಜಿಲೇಬಿ ಮಾತ್ರ ಉಳಿಯುತ್ತದೆ, ಯಾಕೆಂದರೆ ಜಿಲೇಬಿ ಮರಿಯನ್ನು ತಿಂದು ಹಿಡಿತದಲ್ಲಿಡುವುದು ಇದೇ ಮೀನು. ಸೆಪ್ಟೆಂಬರ್ ದಾಟಿದ ಮೇಲೂ ಕೇಸರಿ ಮುದ್ದೆ ಕಂಡರೆ ಆ ಮೂಲೆಯನ್ನು ಬಿಟ್ಟು ಬೇರೆ ಕಡೆ ನಡೆಯಿರಿ.

ತಿನ್ನಲು ಬೇಕಿದ್ದರೆ ಮುಕ್ಕಾಲು ಕೆಜಿಯ ಒಳಗಿನದು ಒಂದು ಇಟ್ಟುಕೊಳ್ಳಿ. ಮುಳ್ಳು ಕಡಿಮೆ, ರುಚಿ ಒಳ್ಳೆಯದು. ಎರಡು ಕೆಜಿಯದನ್ನು ಬಿಟ್ಟುಬಿಡಿ.

ಮನೆಗೆ ಬಂದ ಮೇಲೆ ಲೈನನ್ನು ಪಾತ್ರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕೆರೆ ಪಾಚಿ ಒಣಗಿ ಕೂತರೆ ಲೈನ್ ತೇಲುವುದು ನಿಲ್ಲುತ್ತದೆ. ಫ್ಲೈಗಳನ್ನು ಒದ್ದೆಯಾಗಿ ಡಬ್ಬಿಗೆ ಹಾಕಬೇಡಿ, ಮಲೆನಾಡಿನ ತೇವಕ್ಕೆ ಎರಡೇ ದಿನದಲ್ಲಿ ಕೊಕ್ಕೆ ತುಕ್ಕು ಹಿಡಿಯುತ್ತದೆ. ಒಲೆಯಿಂದ ಸ್ವಲ್ಪ ದೂರದಲ್ಲಿ ಒಂದು ಥರ್ಮೋಕೋಲ್ ತುಂಡಿಗೆ ಚುಚ್ಚಿಟ್ಟು ಒಣಗಿಸಿ. ಮೊನೆ ಮೊಂಡಾಗಿದೆಯಾ ಅಂತ ಉಗುರಿನ ಮೇಲೆ ಎಳೆದು ನೋಡಿ. ಗೀರು ಬೀಳದೆ ಜಾರಿದರೆ ಸಣ್ಣ ಅರದಿಂದ ಮೊನೆ ಮಾಡಿಕೊಳ್ಳಿ.